ಮಿರಗದ ಜೊತೆ ಮಾತು ಬಿಟ್ಟವನು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವುದು ಹಿರಿಯರ ಮಾತು. ಆದರೆ ಈ ನಮ್ಮ ಕಾಕಾನ ವಿಷಯದಲ್ಲಿ ಅದನ್ನು ಪಾಲಿಸಹೊರಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಹೋದ ಚಳಿಗಾಲದಲ್ಲಿ ಆತ ತೀರಿಕೊಂಡಾಗ ಅಂಗಳದಲ್ಲಿ ಕೂತ ಜನ ಭಾಳ ಹೊತ್ತು ಒಂದು ಒಳ್ಳೆಯ ಮಾತಿಗಾಗಿ ಹುಡುಕಾಡಿದರು. ಕಡೆಗೆ ಊರಿನ ಮುದುಕನೊಬ್ಬ ಮರಾಠಿಯಲ್ಲಿ, "ಏನೇ ಅನ್ನಿ, ಆತ ಯಾರಿಗೂ ಸುಳ್ಳು ಹೇಳಿದವನಲ್ಲ" ಎಂದ. ಪಕ್ಕದವನು ತಕ್ಷಣ, "ಸುಳ್ಳು ಹೇಳಬೇಕಾದರೂ ಯಾರ ಜೊತೆಗಾದರೂ ಮಾತಾಡಬೇಕಲ್ಲ" ಎಂದ. ಹೆಣ ಇನ್ನೂ ಒಳಗಿತ್ತು. ಜನ ಟೊಪಿಗೆ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ.

ಕಾಕಾ ನನ್ನ ತಂದೆಯ ಚಿಕ್ಕಪ್ಪನ ಮಗ. ಆ ಚಿಕ್ಕಪ್ಪ ಅಥಣಿ ಕಡೆಯಿಂದ ಚಾಕಣದ ಉಳ್ಳಾಗಡ್ಡಿ ಪೇಟೆಗೆ ಗುಮಾಸ್ತನಾಗಿ ಬಂದವರು. ವ್ಯಾಪಾರಿಯ ಗಾದಿಯ ಪಕ್ಕ ಕೂತು ಲೆಕ್ಕ ಬರೆಯುತ್ತಲೇ ಊರ ಹೊರಗೆ ಇಳಿಜಾರಿನ ಒಂದು ಹೊಲ ಮಾಡಿಕೊಂಡರು, ಆಮೇಲೆ ಲೆಕ್ಕ ಬಿಟ್ಟು ಒಕ್ಕಲುತನಕ್ಕೇ ನಿಂತರು. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನೇ ಈ ಕಾಕಾ. ಚಿಕ್ಕವನನ್ನು ನಾವು ಸಣ್ಣಕಾಕಾ ಎನ್ನುತ್ತಿದ್ದೆವು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ಮರಾಠಿ, ಹೀಗೆ ಬೆಳೆದವರು. ನಾವು ಪುಣೆಯ ಕೋಥರೂಡದಲ್ಲಿ ಫ್ಲ್ಯಾಟಿನಲ್ಲಿ ಇದ್ದವರು. ರಜೆಯ ದಿನ ಸ್ಕೂಟರು ಹಾಕಿಕೊಂಡು ಚಾಕಣದ ಕಡೆ ಹೊರಟರೆ ನನ್ನ ಹೆಂಡತಿ, "ಅವಮಾನ ಮಾಡಿಸಿಕೊಳ್ಳಾಕ ಇಷ್ಟು ಪೆಟ್ರೋಲ್ ಯಾಕ ಸುಡತೀರಿ, ಇಲ್ಲೇ ಮನ್ಯಾಗ ನಾ ಇಲ್ಲೇನು" ಎನ್ನುತ್ತಿದ್ದಳು.

ಅವಮಾನ ಮಾಡುವುದರಲ್ಲಿ ಕಾಕಾನಿಗೆ ಒಂದು ಪದ್ಧತಿ ಇತ್ತು. ಮನೆಗೆ ಬಂದವರು ಒಳಗೆ ಚಾಪೆಯ ಮೇಲೆ ಕೂತ ಕೂಡಲೇ ಆತ ಎದ್ದು ಬಾಗಿಲಿಗೆ ಹೋಗಿ, ಅವರ ಚಪ್ಪಲಿಗಳನ್ನು ಕಾಲಿನಿಂದ ತಿರುಗಿಸಿ, ಮೂತಿ ರಸ್ತೆಯ ಕಡೆ ಬರುವಂತೆ ಇಡುತ್ತಿದ್ದ. ಆಮೇಲೆ ಬಂದು ಕೂತು, "ಹೂಂ, ಯಾಕ ಬಂದಿ" ಎನ್ನುತ್ತಿದ್ದ. ಎತ್ತರದ ಆಳು, ಕತ್ತು ಮುಂದಕ್ಕೆ ಬಾಗಿತ್ತು, ತಲೆಯ ಮೇಲೆ ಬಿಳಿ ಟೊಪಿಗೆ. ಆಕಾಶ ನೋಡುವಾಗ ಒಂದು ಕಣ್ಣು ಕಿರಿದು ಮಾಡುತ್ತಿದ್ದ, ಸಂತೆಯಲ್ಲಿ ಕಳ್ಳನ ಗುರುತು ಹಿಡಿಯುವವನ ಹಾಗೆ. ನಾನು ಮಳೆ ಹೇಗಿದೆ ಎಂದು ಕೇಳಿದರೆ, "ನಿಮ್ಮ ಕೋಥರೂಡದಾಗ ಮಳಿ ನಳದಾಗ ಬರ್ತದ. ನಿನಗ್ಯಾಕ ಬೇಕು ಈ ಸುದ್ದಿ" ಎನ್ನುತ್ತಿದ್ದ.

ಅಣ್ಣತಮ್ಮಂದಿರು ಬೇರೆಯಾದಾಗ ಮೇಲಿನ ಹೊಲ ಕಾಕಾನಿಗೆ, ಕೆಳಗಿನ ಹೊಲ ಸಣ್ಣಕಾಕಾನಿಗೆ ಬಂತು. ಮನೆಯ ನಡುವೆ ಒಂದು ಗೋಡೆ ಎದ್ದಿತು. ಜೋಡಿ ಎತ್ತುಗಳಲ್ಲಿ ಇಬ್ಬರಿಗೂ ಒಂದೊಂದು. ಬೇರೆಯಾದರೂ ಎತ್ತು ಕೂಡಿಸಿ ಉಳುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಸಣ್ಣಕಾಕಾ ತನ್ನ ಪಾಲಿನ ಎತ್ತು ಮಾರಿ, ಬಾಡಿಗೆಯ ಟ್ರ್ಯಾಕ್ಟರ್ ತಂದ. ಅಂದಿನಿಂದ ಕಾಕಾ ತಮ್ಮನ ಜೊತೆ ಮಾತು ಬಿಟ್ಟ.

ನಮ್ಮ ಕಡೆ ಮಾತು ಬಿಡುವುದೆಂದರೆ ಮೂಕರಾಗುವುದಲ್ಲ. ಹೇಳಬೇಕಾದ್ದನ್ನೆಲ್ಲ ಹೇಳುವುದು, ಆದರೆ ಗೋಡೆಗೆ. "ಏ ಗ್ವಾಡಿ, ಅವಗ ಹೇಳು, ಅವನ ಆಡು ನನ್ನ ಹೊಲದಾಗ ಬಂದಿತ್ತು." ಆಚೆ ಬದಿಯಿಂದ ಉತ್ತರವೂ ಗೋಡೆಗೇ ಬರುತ್ತಿತ್ತು: "ಏ ಗ್ವಾಡಿ, ಆಡಿಗೆ ಪಾಲು ಆಗಿದ್ದು ಗೊತ್ತಿಲ್ಲ ಅಂತ ಹೇಳು." ಹೆಂಡತಿಯರಿಬ್ಬರೂ ಮಾತ್ರ ಬಾವಿಯ ಕಟ್ಟೆಯ ಮೇಲೆ ಹೊಟ್ಟೆ ತುಂಬ ಮಾತಾಡಿ, ಪಲ್ಯ ಬದಲಿಸಿಕೊಂಡು, ಮನೆಗೆ ಬಂದು ಸುಮ್ಮನಾಗುತ್ತಿದ್ದರು. ಒಮ್ಮೆ ನನ್ನ ತಂದೆ, ಉಬ್ಬಸ ಇದ್ದರೂ, ಇವರನ್ನು ಕೂಡಿಸಬೇಕೆಂದು ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಅವರು ಉಸಿರು ಎಳೆದುಕೊಳ್ಳುತ್ತ, "ನಿಮ್ಮ ಅಪ್ಪ ಇದ್ದಿದ್ರ..." ಎಂದು ಶುರುಮಾಡಿದಾಗ ಕಾಕಾ ಎದ್ದು ಹೋಗಿ ಅವರ ಚಪ್ಪಲಿ ತಿರುಗಿಸಿದ. ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ತೊಂಬತ್ತರ ದಶಕದ ನಡುವಿನಿಂದ ಮಿರಗದ ಮಳೆ ಕೈಕೊಡತೊಡಗಿತು. ಪುಸ್ತಕದಲ್ಲಿ ಅದು ಮೃಗಶಿರ. ನಮ್ಮ ಬಾಯಲ್ಲಿ ಮಿರಗ. ಜೂನ್ ಮೊದಲ ವಾರಕ್ಕೆ ಬಂದು ಬಿತ್ತನೆಗೆ ಬಾಗಿಲು ತೆರೆಯುವ ಮಳೆ ಅದು. ಉಳ್ಳಾಗಡ್ಡಿಯ ಬೀಜವನ್ನು ಮಿರಗಕ್ಕೆ ಮಡಿಯಲ್ಲಿ ಚೆಲ್ಲಬೇಕು, ಸಸಿ ಬೆರಳುದ್ದ ಎದ್ದ ಮೇಲೆ ಕಿತ್ತು ಹೊಲಕ್ಕೆ ಹಚ್ಚಬೇಕು. ಅಪ್ಪನ ಕಾಲದಿಂದ ಹಾಗೇ. ಆ ವರ್ಷಗಳಲ್ಲಿ ಮಿರಗ ಒಂದು ಸಲ ಮುಖ ತೋರಿಸಿ ಬೀಜ ಮೊಳೆಯುವಷ್ಟು ಹನಿಸುತ್ತಿತ್ತು, ಆಮೇಲೆ ನಾಪತ್ತೆ. ಎಳೆ ಸಸಿ ಬಿಸಿಲಿಗೆ ಕೂದಲು ಸುಟ್ಟ ಹಾಗೆ ಸುಟ್ಟುಹೋಗುತ್ತಿತ್ತು. ಪಂಚಾಂಗದವನು ಈ ಸಲ ಮಿರಗದ ವಾಹನ ಕಪ್ಪೆ, ಮಳೆ ಚಲೋ ಆಗುತ್ತದೆ ಎಂದು ಓದಿದರೆ ಕಾಕಾ, "ಕಪ್ಪೀ ಮ್ಯಾಲರೆ ಬರ್ಲಿ, ಆನೀ ಮ್ಯಾಲರೆ ಬರ್ಲಿ. ಅಂವ ನಮ್ಮ ಮನಿ ದಾರೀನ ಮರತಾನ" ಎಂದ.

ಅದೇ ಕಾಲಕ್ಕೆ ಸುತ್ತಲೂ ಕಾರ್ಖಾನೆಗಳು ಬರುತ್ತಿದ್ದವು. ರಸ್ತೆಗೆ ಗರಸು ಬೇಕೆಂದು ಊರಿನ ಬೆನ್ನಿಗಿದ್ದ ಗುಡ್ಡವನ್ನು ಅರ್ಧ ಕೆರೆದುಹಾಕಿದ್ದರು. ಜಮೀನು ಕೇಳುವ ಏಜೆಂಟರು ಮೋಟರ್ ಸೈಕಲ್ಲಿನ ಮೇಲೆ ಮನೆಮನೆ ತಿರುಗುತ್ತಿದ್ದರು. ಎರಡು ವರ್ಷ ಬೆಳೆ ಹೋದವನ ಮನೆಯ ಮುಂದೆ ಅವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಒಂದು ಸಲ ಕೃಷಿ ಇಲಾಖೆಯ ಸಾಹೇಬರೊಬ್ಬರು ಊರ ಚಾವಡಿಗೆ ಬಂದು ಒಕ್ಕಲಿಗರನ್ನು ಕೂಡಿಸಿದರು. ಹಿಂದಿಗೂ ಇಂದಿಗೂ ಏನು ಫರಕು ಕಾಣುತ್ತದೆ ಎಂದು ಕೇಳಿದರು. ಒಬ್ಬ, ಚಳಿ ಕಡಿಮೆಯಾಗಿದೆ ಎಂದ. ಒಬ್ಬ, ಇಬ್ಬನಿ ಬೀಳುವುದಿಲ್ಲ ಎಂದ. ಒಬ್ಬ, ಗಡ್ಡೆ ಕಿತ್ತು ಒಣಹಾಕಿದಾಗಲೇ ನೋಡಿಕೊಂಡು ಬಂದು ಸುರಿಯುತ್ತದೆ ಎಂದ. ಸಾಹೇಬರು ತಲೆಯಾಡಿಸಿ, ಇದು ನಿಮ್ಮೂರಿನ ಕಥೆಯಷ್ಟೇ ಅಲ್ಲ, ಇಡೀ ಜಗತ್ತಿನಲ್ಲಿ ಹವಾಮಾನ ಬದಲಾಗುತ್ತಿದೆ ಎಂದರು. ಹಿಂದೆ ಕಂಬಕ್ಕೆ ಆತು ಕೂತಿದ್ದ ಕಾಕಾ ಎದ್ದು ನಿಂತ. ಮರಾಠಿಯಲ್ಲೇ ಹೇಳಿದ: "ಬದಲಾಗಿಲ್ಲ ಸಾಹೇಬ. ಮೋಸ ಮಾಡಿದೆ. ಬದಲಾಯಿತು ಅಂದರೆ ತಪ್ಪು ಯಾರದ್ದೂ ಅಲ್ಲ ಅಂದ ಹಾಗಾಯಿತು. ಮೋಸ ಅನ್ನಿ, ಆಗ ಯಾರು ಅಂತ ಕೇಳಬಹುದು."

ಸಾಹೇಬರು ಸಮಾಧಾನದಿಂದ, ಯಾರು ಎಂದು ನಿಮಗನಿಸುತ್ತದೆ ಎಂದರು. ಕಾಕಾ ಬೋಳುಗುಡ್ಡದ ಕಡೆ ಕೈಮಾಡಿದ. ಅದಕ್ಕೆ ಜಾಗ ಬಿಟ್ಟುಕೊಟ್ಟ ಊರಿನವರ ಕಡೆ ಕೈಮಾಡಿದ. ಸಾಹೇಬರ ಜೀಪಿನ ಕಡೆಗೂ ಮಾಡಿದ. ಆಮೇಲೆ ಹೊರಟುಹೋದ. ಸಾಹೇಬರ ಬೂಟು ಕಾಲಲ್ಲೇ ಇದ್ದದ್ದು ಅವರ ಪುಣ್ಯ.

ಆ ಮುಂದಿನ ವರ್ಷ ಮಿರಗ ಹುಟ್ಟುವ ದಿನ ನಾನು ಅಲ್ಲಿದ್ದೆ. ಆ ದಿನ ನಮ್ಮ ಮನೆಗಳಲ್ಲಿ ಬೆಲ್ಲಕ್ಕೆ ಚಿಟಿಕೆ ಇಂಗು ಕೂಡಿಸಿ ಎಲ್ಲರ ಕೈಗೂ ಹಾಕುತ್ತಾರೆ. ಕಾಕೂ, ಅಂದರೆ ಕಾಕಾನ ಹೆಂಡತಿ, ತಟ್ಟೆ ಹಿಡಿದು ಬಂದಳು.

"ಯಾರ ಸಲುವಾಗಿ ಇದು?" ಕಾಕಾ ಕೇಳಿದ.

"ಯಾರ ಸಲುವಾಗಿ ಅಂದ್ರ? ಮಿರಗ ಅಲ್ಲೇನ್ರಿ ಇವತ್ತು."

"ಅವನ ಹೆಸರು ನನ್ನ ಮುಂದ ಎತ್ತಬ್ಯಾಡ. ನಾ ಅವನ ಕೂಡ ಮಾತು ಬಿಟ್ಟೀನಿ."

ಕಾಕೂ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ. ಕಾಕಾ ಗೋಡೆಯ ಕಡೆ ತಿರುಗಿ, "ಏ ಗ್ವಾಡಿ, ಅವಗ ಹೇಳು. ಬರೂದಿದ್ರ ಬರ್ಲಿ, ಬಿಡೂದಿದ್ರ ಬಿಡ್ಲಿ. ಈ ಮನ್ಯಾಗ ಅವನ ಹಾದಿ ಕಾಯಾವ್ರು ಯಾರೂ ಇಲ್ಲ" ಎಂದ. ಆಚೆಯಿಂದ ಸಣ್ಣಕಾಕಾನ ದನಿ ಬಂತು: "ಏ ಗ್ವಾಡಿ, ನನಗ ಅಂದನೋ ಮಳಿಗೆ ಅಂದನೋ ಕೇಳು."

ಊರೆಲ್ಲ ನಕ್ಕಿತು. ತಮ್ಮ ಆಯಿತು, ಈಗ ನಕ್ಷತ್ರದ ಜೊತೆ ಮಾತು ಬಿಟ್ಟಿದ್ದಾನೆ ಎಂದರು. ಕಾಕಾ ಮಡಿ ಕಟ್ಟಲಿಲ್ಲ. ಮಿರಗದಲ್ಲಿ ಎರಡು ದಿನ ಚಲೋ ಮಳೆ ಬಂದಾಗ, ಕಾಕಾ ಜಗುಲಿಗೆ ಬೆನ್ನು ಹಾಕಿ ಒಳಗೆ ಕೂತ. ಆರಿದ್ರಾ ಹೋಯಿತು. ಪುನರ್ವಸು ಬಂತು. ಆ ಊರಿನ ಮರಾಠಿ ಒಕ್ಕಲಿಗರು ಪುನರ್ವಸುವಿಗೆ ಹರೆಯದ ಮಳೆ ಎನ್ನುತ್ತಾರೆ, ಅದರ ಹಿಂದೆ ಬರುವ ಪುಷ್ಯಕ್ಕೆ ಮುದುಕನ ಮಳೆ ಎನ್ನುತ್ತಾರೆ. ಕಾಕಾ ಹರೆಯದ ಮಳೆಗೂ ಬಿತ್ತಲಿಲ್ಲ. "ಆ ಹುಡುಗರ ಭರೋಸಾ ಏನು. ನಾ ಮುದುಕ. ನನ್ನ ವ್ಯವಹಾರ ಇನ್ನ ಮುದುಕನ ಕೂಡ" ಎಂದು ಪುಷ್ಯಕ್ಕೆ, ಜುಲೈ ಮುಗಿಯುತ್ತ ಬಂದಾಗ, ಬೀಜ ಚೆಲ್ಲಿದ. ಮುದುಕನ ಮಳೆ ಅಬ್ಬರವಿಲ್ಲದೆ ಜಿಟಿಜಿಟಿ ಹಿಡಿದುಕೊಂಡು ಬಿತ್ತು. ಊರಿನ ಅರ್ಧ ಜನರ ಸಸಿ ಸುಟ್ಟಿದ್ದ ವರ್ಷ ಕಾಕಾನ ಮಡಿಯಲ್ಲಿ ಹಸಿರು ನಿಂತಿತು.

ಇದನ್ನು ಜಾಣತನ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ಮಾಡಿದ್ದಲ್ಲ. ಸಿಟ್ಟಿನಿಂದ ಮಾಡಿದ್ದು. ಸಿಟ್ಟು ಒಂದು ಸಲ ಸರಿಯಾದ ದಾರಿಗೆ ಹೋಯಿತು, ಅಷ್ಟೇ.

ಒಡ್ಡಿನ ಕಥೆಯೂ ಹಾಗೇ. ಮೇಲಿನ ಹೊಲದಲ್ಲಿ ಬಿದ್ದ ಮಳೆ ಇಳಿಜಾರು ಹಿಡಿದು ಕೆಳಗಿನ ಹೊಲಕ್ಕೆ ಹರಿಯುವುದು ಭೂಮಿ ಹುಟ್ಟಿದಾಗಿನಿಂದ ಇದ್ದದ್ದು. ಮಳೆ ಬರುವುದೇ ಕಡಿಮೆಯಾಗಿ, ಬಂದರೆ ಒಂದೇ ಏಟಿಗೆ ಸುರಿಯತೊಡಗಿದ ಮೇಲೆ ಕಾಕಾನಿಗೆ ಅದು ಕಣ್ಣಿಗೆ ಬಿತ್ತು. "ನನ್ನ ಹೊಲದಾಗ ಬಿದ್ದದ್ದು ನನ್ನ ಮಳಿ. ಅವಗ ಒಂದು ಹನಿ ಬಿಡಂಗಿಲ್ಲ" ಎಂದು, ಎರಡು ಹೊಲದ ನಡುವೆ ಬೇಸಿಗೆಯಿಡೀ ಕಲ್ಲು ಮಣ್ಣು ಹೊತ್ತು ಎದೆಯೆತ್ತರದ ಒಡ್ಡು ಹಾಕಿದ. ಮಳೆಗಾಲದಲ್ಲಿ ನೀರು ಒಡ್ಡಿಗೆ ಆತು ನಿಂತಿತು. ಕಾಕಾ ದಿನವೂ ಹೋಗಿ ನೋಡಿ ಬರುತ್ತಿದ್ದ, ಪೆಟ್ಟಿಗೆಯ ಕೀಲಿ ಮುಟ್ಟಿ ನೋಡುವವನ ಹಾಗೆ.

ನಿಂತ ನೀರು ನೆಲಕ್ಕಿಳಿಯುತ್ತದೆ, ಇಳಿದದ್ದು ಎಲ್ಲಿಗೋ ಹೋಗಬೇಕು. ಒಡ್ಡಿನ ಕೆಳಗೇ ಸಣ್ಣಕಾಕಾನ ಬಾವಿ ಇತ್ತು. ಚಳಿಗಾಲಕ್ಕೆ ತಳ ಕಾಣುತ್ತಿದ್ದ ಆ ಬಾವಿಯಲ್ಲಿ ಶಿವರಾತ್ರಿ ಕಳೆದರೂ ನೀರು ನಿಂತಿತು. ಸಣ್ಣಕಾಕಾನ ಹೆಂಡತಿ ಕೊಡ ಎತ್ತುತ್ತ, "ಅಕ್ಕಾ, ಮ್ಯಾಲಿಂದ ಝರಿ ಒಡದದ ನೋಡ್ರಿ, ನಿಮ್ಮ ಒಡ್ಡಿನ ಪುಣ್ಯಾ" ಎಂದಳು. ಕಾಕೂ ಹೌದವ್ವಾ ಎಂದಳು. ಒಡ್ಡಿನ ಆಚೆ ತನ್ನ ಹೊಲದಲ್ಲಿ ಎತ್ತು ಮೇಯಿಸುತ್ತಿದ್ದ ಕಾಕಾ ಕೇಳಿಸಿಕೊಂಡ.

ಗುದ್ದಲಿ ತೆಗೆದುಕೊಂಡು ನೇರ ಒಡ್ಡಿನ ಮೇಲೆ ಹೋಗಿ ನಿಂತ. ಕಾಕೂ ಹಿಂದೆ ಓಡಿದಳು. ಆಕೆ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಒಡ್ಡು ಉಳಿಯುತ್ತಿರಲಿಲ್ಲ.

"ಒಡೀರಿ," ಎಂದಳು. "ಮೊದ್ಲ ನಮ್ಮ ಹೊಲ ಒಣಗ್ತದ, ಆಮ್ಯಾಲ ಅವರ ಬಾವಿ. ಬಾವಿ ಒಣಗಿದ ಮರದಿನಾ ಆ ಮೋಟರ್ ಸೈಕಲ್ಲಿನಾಂವ ಬರ್ತಾನ. ಮೈದುನರು ಇನ್ನೊಂದು ಬೆಳಿ ಹೋದ್ರ ಹೊಲಾ ಕೊಟ್ಟುಬಿಡಾವ್ರ ಇದ್ದಾರ. ಆಮ್ಯಾಲ ಈ ಒಡ್ಡಿನ ಮ್ಯಾಲ ಕಾರ್ಖಾನಿ ಕಂಪೌಂಡು ಏಳ್ತದ. ಅದರ ಕೂಡ ಮಾತು ಬಿಡ್ರಂತ."

ಕಾಕಾ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಇಳಿದು ಬಂದ. "ಮಣ್ಣಿಗೂ ನೀಯತ್ತಿಲ್ಲ" ಎಂದು ಬೈಯುತ್ತ ಮನೆತನಕ ಬಂದನಂತೆ.

ಕಾಕೂ ಹೇಳಿದ್ದು ನಿಜವೇ. ಬಾವಿಗೆ ನೀರು ಬಂದರೂ ಅದು ಬೇಸಿಗೆ ಕಳೆದು ಜೂನ್ ಮುಟ್ಟುತ್ತಿರಲಿಲ್ಲ, ಸಣ್ಣಕಾಕಾ ಮಿರಗಕ್ಕೇ ಬೀಜ ಚೆಲ್ಲುವುದನ್ನು ಬಿಡುತ್ತಿರಲಿಲ್ಲ. "ಅಪ್ಪ ಮಿರಗಕ್ಕ ಬಿತ್ತತಿದ್ದಾ. ಅಪ್ಪನಕಿಂತ ನಾ ಶಾಣ್ಯಾ ಏನು" ಎನ್ನುತ್ತಿದ್ದ. ಮತ್ತೆ ಸಸಿ ಸುಟ್ಟಿತು. ಏಜೆಂಟ್ ಆ ಮನೆಯ ಜಗುಲಿಯ ಮೇಲೆ ಕೂತು ಚಹ ಕುಡಿಯತೊಡಗಿದ. ಒಂದು ದಿನ ಸಣ್ಣಕಾಕಾ ನನ್ನನ್ನು ಬದಿಗೆ ಕರೆದು, "ನೀನರೆ ಕೇಳಿ ನೋಡಪಾ. ಯಾವಾಗ ಚೆಲ್ಲತಾನ, ಹೆಂಗ ಚೆಲ್ಲತಾನ, ಒಂದು ಮಾತು ಹೇಳಿದ್ರ ಸಾಕು. ಈ ಸಲ ಬೆಳಿ ಬರಲಿಲ್ಲಂದ್ರ ನಾ ಸಹಿ ಮಾಡಾವ" ಎಂದ.

ನಾನು ಹೋಗಿ ಕೇಳಿದೆ. ಕಾಕಾ ತಂಬಾಕು ತಿಕ್ಕುತ್ತ ಕೂತಿದ್ದ.

"ಅವಗ ಯಾಕ ಬೇಕಂತ?"

"ಹೊಲಾ ಹೋಗ್ತದಂತ ಕಾಕಾ. ನಿಮ್ಮ ಅಪ್ಪನ ಹೊಲ."

"ಟ್ರ್ಯಾಕ್ಟರಿಗೆ ಕೇಳು ಅನ್ನು."

"ನಿಮ್ಮ ಒಡ್ಡಿನ ತನಕ ಕಾರ್ಖಾನಿ ಬಂದ್ರ ನಿಮಗ ಚಲೋನ?"

ಆತ ತಂಬಾಕು ಬಾಯಿಗಿಟ್ಟುಕೊಂಡ. ಎದ್ದು ಬಾಗಿಲ ಕಡೆ ನಡೆದ. ನಾನೇ ಓಡಿ ಹೋಗಿ ಚಪ್ಪಲಿ ಹಾಕಿಕೊಂಡೆ, ತಿರುಗಿಸುವ ಸುಖವನ್ನು ಆತನಿಗೆ ಕೊಡಬಾರದೆಂದು.

ಆದರೆ ಹೊಲಕ್ಕೆ ಗೋಡೆ ಇರುವುದಿಲ್ಲವಲ್ಲ. ಆ ವರ್ಷ ಸಣ್ಣಕಾಕಾ ಒಡ್ಡಿನಾಚೆ ಅಣ್ಣನ ಮಡಿಗಳ ಮೇಲೆ ಕಣ್ಣಿಟ್ಟು ಕಾಯ್ದ. ಮಿರಗ ಹನಿಸಿತು, ಊರೆಲ್ಲ ಬೀಜ ಚೆಲ್ಲಿತು, ಸಣ್ಣಕಾಕಾ ಚೆಲ್ಲಲಿಲ್ಲ. ಅಪ್ಪನ ಪಟದ ಮುಂದೆ ನಿಂತು ಕೈಮುಗಿದು, ತಪ್ಪಾಯ್ತು ಎಂದನಂತೆ, ಅವನ ಹೆಂಡತಿ ಹೇಳಿದಳು. ಪುಷ್ಯದಲ್ಲಿ ಕಾಕಾ ಮಡಿಗೆ ಇಳಿದ ದಿನವೇ ಕೆಳಗೆ ಇವನೂ ಇಳಿದ. ಮೇಲಿನವನು ಮುಷ್ಟಿ ಬೀಸಿದರೆ ಕೆಳಗಿನವನೂ ಮುಷ್ಟಿ ಬೀಸಿದ. ಗಡ್ಡೆ ಬಂತು. ಬಾವಿಯ ನೀರು ಕಡೆಯ ತನಕ ಕೈಹಿಡಿಯಿತು. ಸಣ್ಣಕಾಕಾ ಸಹಿ ಮಾಡಲಿಲ್ಲ. ಏಜೆಂಟನಿಗೆ ಚಹ ನಿಂತಿತು.

ಕಾಕಾನಿಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ. "ನೀರು ಕದ್ದಾ, ಸುಮ್ಮನಿದ್ದೆ. ಈಗ ನನ್ನ ಮಳೀನೂ ಕದ್ದಾ" ಎಂದು ಊರ ತುಂಬ ಹೇಳಿದ. ಮಳೆಯನ್ನು ಹೇಗೆ ಕದಿಯುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ ಅವರ ಜೊತೆಯೂ ಮಾತು ಬಿಟ್ಟ.

ಮುಂದಿನ ಜೂನಿನಲ್ಲಿ, ಎಂದರೆ ಹೋದ ವರ್ಷ, ಕಾಕಾ ತಾನಾಗಿಯೇ ಇಂಗು ಬೆಲ್ಲ ಕೇಳಿ ಕೈಚಾಚಿದ. "ಅಂವ ಮುದುಕನ ಮಳಿಗೆ ಹೋದ್ರ ನಾ ಮಿರಗಕ್ಕ. ಒಂದ ಮಳಿಗೆ ಇಬ್ಬರು ನಿಂದ್ರೂದು ಆಗಂಗಿಲ್ಲ" ಎಂದ.

"ಸಸಿ ಸುಡ್ತದ್ರಿ," ಎಂದಳು ಕಾಕೂ. "ಬೀಜಾ ಅರ್ಧರೆ ಉಳಿಸ್ರಿ."

"ಅರ್ಧಾ ಉಳಿಸಿದ್ರ ಅವನ ಮ್ಯಾಲ ಸಂಶೇ ಇಟ್ಟಂಗ. ರಾಜಿ ಅಂದ್ರ ಪೂರಾ ರಾಜಿ."

ಅವನು ಎಂದರೆ ಮಿರಗ. ತಮ್ಮನ ಜೊತೆ ಇಷ್ಟು ವರ್ಷ ಆಗದ ರಾಜಿಯನ್ನು, ತಮ್ಮನ ಮೇಲಿನ ಹಟಕ್ಕಾಗಿ, ಮೋಸ ಮಾಡಿದ ಮಳೆಯ ಜೊತೆ ಮಾಡಿಕೊಂಡ. ಮನೆಯಲ್ಲೇ ಕಟ್ಟಿಟ್ಟ ಬೀಜ, ಅಪ್ಪನ ಕಾಲದಿಂದ ಗಡ್ಡೆ ಬಿಟ್ಟು ಹೂವಾಡಿಸಿ ತೆಗೆಯುತ್ತ ಬಂದದ್ದು, ಅಷ್ಟನ್ನೂ ಮಿರಗಕ್ಕೆ ಚೆಲ್ಲಿದ. ಬೀಜ ಮೊಳೆಯಿತು. ಆಮೇಲೆ ಆಕಾಶ ತೊಳೆದ ತಟ್ಟೆಯ ಹಾಗೆ ನಿಂತುಬಿಟ್ಟಿತು. ಪುಷ್ಯ ಬಂದಾಗ ಚೆಲ್ಲಲು ಒಂದು ಕಾಳು ಬೀಜ ಉಳಿದಿರಲಿಲ್ಲ. ಪೇಟೆಯಿಂದ ಬೇರೆ ಬೀಜ ತರುತ್ತೇನೆಂದು ನಾನು ಅಂದಾಗ, "ನಿನ್ನ ಕೋಥರೂಡದಾಗ ಬಿತ್ತು" ಎಂದ.

ಸಸಿ ಹಚ್ಚುವ ಕಾಲಕ್ಕೆ ಕಾಕೂ ಯಾರದೋ ಫೋನಿನಿಂದ ನನಗೆ ಫೋನ್ ಮಾಡಿಸಿದಳು. "ಊಟಾ ಸರಿಯಾಗಿ ಮಾಡವಲ್ರು, ಬಂದು ಹೋಗಪಾ." ಹೋದೆ. ಸಣ್ಣಗೆ ಮಳೆ ಹಿಡಿದಿತ್ತು. ಕಾಕಾ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಒಡ್ಡಿನ ಮೇಲೆ ಕೂತಿದ್ದ. ಬೆನ್ನು ಕೆಳಗಿನ ಹೊಲದ ಕಡೆ, ಮುಖ ತನ್ನ ಬರಿಯ ಮಡಿಗಳ ಕಡೆ. ನಾನು ಪಕ್ಕದಲ್ಲಿ ನಿಂತೆ. ಆತ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕೆಳಗಿನಿಂದ ಸಣ್ಣಕಾಕಾ ಹತ್ತಿ ಬಂದ. ತಲೆಯ ಮೇಲೆ ಒದ್ದೆ ಚೀಲ, ಅದರಲ್ಲಿ ಉಳ್ಳಾಗಡ್ಡಿಯ ಸಸಿಗಳ ಕಟ್ಟುಗಳು. ಕೆಸರಿನಲ್ಲಿ ಕಾಲು ಜಾರುತ್ತಿತ್ತು. ಮೇಲೆ ಬಂದು ಚೀಲವನ್ನು ಅಣ್ಣನ ಕಾಲಿನ ಹತ್ತಿರ ಇಳಿಸಿದ. ಅಲ್ಲಿ ಗೋಡೆ ಇರಲಿಲ್ಲ. ಸ್ವಲ್ಪ ಹೊತ್ತು ಯಾರಿಗೆ ಹೇಳಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಕಾಲಕೆಳಗಿನ ಮಣ್ಣಿಗೆ ಹೇಳಿದ:

"ಏ ಒಡ್ಡೇ, ಅಪ್ಪನ ಬೀಜದ್ದ ಅದಾವ ಇವು. ನನಗ ಹೆಚ್ಚಾಗ್ಯಾವ. ಹಚ್ಚಿದ್ರ ಹಚ್ಚಲಿ ಅಂತ ಹೇಳು."

ಕಾಕಾ ಕೂತಲ್ಲೇ ತಿರುಗಿದ. ಕೊಪ್ಪೆಯೊಳಗಿನಿಂದ ತಮ್ಮನ ಮುಖವನ್ನು ನೋಡಿದ. ಭಾಳ ಹೊತ್ತು ನೋಡಿದ. ಮಳೆಯ ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ತಗೊಂಡ್ ಹೋಗ್," ಎಂದ.

ನನಗೆ ಮೈ ಉರಿಯಿತು. ಒಂದು ಮಾತು ಆಡಿಬಿಡಬೇಕೆಂದು ಬಾಯಿ ತೆರೆದೆ. ಸಣ್ಣಕಾಕಾ ಕಣ್ಣಿನಲ್ಲೇ ಬೇಡವೆಂದ. ಬಗ್ಗಿ ಚೀಲ ಎತ್ತಿ ತಲೆಯ ಮೇಲಿಟ್ಟುಕೊಂಡು, ಹತ್ತಿ ಬಂದದ್ದಕ್ಕಿಂತ ಹಗುರಾಗಿ ಇಳಿದ. ನಾನೂ ಹಿಂದೆ ಇಳಿದೆ. ಮೇಲಿನ ಹೊಲ ಆ ವರ್ಷ ಹಾಗೇ ಬೀಳು ಬಿತ್ತು.

ಬಾವಿಯ ಹತ್ತಿರ ಅವನ ಹೆಂಡತಿ ಕಾಯುತ್ತ ನಿಂತಿದ್ದಳು. ಚೀಲ ಹಾಗೇ ಬಂದದ್ದನ್ನು ನೋಡಿ, "ತಗೋಲಿಲ್ಲೇನ್ರಿ?" ಎಂದಳು.

"ಮಾತಾಡಿದಾ," ಎಂದ ಸಣ್ಣಕಾಕಾ.

"ಏನಂದ್ರು?"

"ತಗೊಂಡ್ ಹೋಗ್ ಅಂದಾ."

"ಅದೇನ್ ಮಾತ್ರೀ?"

ಸಣ್ಣಕಾಕಾ ಚೀಲ ಇಳಿಸಿ ಮುಖದ ಮೇಲಿನ ನೀರು ಒರೆಸಿಕೊಂಡ.

"ನನಗ ಅಂದಾ," ಎಂದ.